ಅಮಾತೆಪ್ಪನ ಪಕ್ಕಾ ರಜಿಸ್ಟರ್

"ಹಡಗು ಮುಳುಗಿದ್ರ ಹಲಗಿ ಆದ್ರೂ ದಂಡಿಗೆ ಬರತಾವ; ಹಡಗಿನವನ ರಜಿಸ್ಟರ್ ಮುಳುಗಿದ್ರ ಎಲ್ಲಿ ಹುಡಕಬೇಕು?"

ಠಾಣೆಯ ಬಾಗಿಲಲ್ಲಿ ನಿಂತು, ಯಾರ ಮುಖವನ್ನೂ ನೋಡದೆ ಹೀಗೆ ಕೇಳಿದವರು ನವನಗರದ ಅಮಾತೆಪ್ಪ. ದಿನಾಂಕ 11-11-2025, ಬೆಳಿಗ್ಗೆ 9 ಗಂಟೆ 40 ನಿಮಿಷ. ಪಿಎಸ್‌ಐ ಬಸವೇಶ್ವರಿ ಕುರ್ಚಿ ತೋರಿಸಿದರು. ಅಮಾತೆಪ್ಪ ಮೊದಲು ಗಡಿಯಾರ ನೋಡಿ, ಜೇಬಿನ ಕಚ್ಚಾ ಪುಸ್ತಕದಲ್ಲಿ ಹೊತ್ತು ಬರೆದುಕೊಂಡು, ಆಮೇಲೆ ಕೂತರು.

ಮೂವತ್ನಾಲ್ಕು ವರ್ಷ ಗೋವಾದ ಬಂದರಿನಲ್ಲಿ ಹಡಗುಗಳ ಓಡಾಟ ಬರೆದವರು ಅವರು. ದುರ್ಬೀನಿನಲ್ಲಿ ಶುರುವಾದ ಕೆಲಸ ಪರದೆಯ ಮೇಲಿನ ಚುಕ್ಕೆಗಳಿಗೆ ಬಂದು ಮುಟ್ಟಿತು. ಅದಿರಿನ ಹಡಗು ಕಡಿಮೆಯಾಗಿ ಪ್ರವಾಸಿಗರ ಹಡಗು ಬಂದವು. ಬರೆಯುವುದು ಮಾತ್ರ ನಿಲ್ಲಲಿಲ್ಲ. ನಿವೃತ್ತರಾಗಿ ಬಂದ ಮೇಲೆ, ಸಮುದ್ರ ಇಲ್ಲದ್ದಕ್ಕೆ ಮನೆ ಮುಂದಿನ ರಸ್ತೆಯನ್ನೇ ಹಿಡಿದರು. ಹಾಲಿನವನು, ಕಸದ ಗಾಡಿ, ಎದುರು ಮನೆಯ ಎಮ್ಮೆ, ಪೊಲೀಸ್ ಬೈಕ್, ಎಲ್ಲದಕ್ಕೂ ಆಗಮನ, ನಿರ್ಗಮನ. ಮೂರು ವರ್ಷದ ಆ ಪಕ್ಕಾ ರಜಿಸ್ಟರ್ ಪಡಸಾಲೆಯ ಮೇಜಿನಿಂದ ನಿನ್ನೆ ಮಾಯವಾಗಿತ್ತು.

"ಗುರುವಾರ ಡಿವೈಎಸ್‌ಪಿ ಸಾಹೇಬ್ರು ಬೀಟ್ ತಪಾಸಣಿಗೆ ಬರ್ತಾರಲ್ರಿ, ಅವರಿಗೆ ತೋರಸಬೇಕಂತ ಓಣಿ ತುಂಬ ಹೇಳಿದ್ದೆ."

ಕಾನ್‌ಸ್ಟೇಬಲ್ ಸೋಮಲಿಂಗನ ಅಕ್ಷರ ಠಾಣೆಗೇ ಚೆಂದ. ಎಫ್‌ಐಆರ್ ಅವನೇ ಬರೆದ: ಮನೆಯಲ್ಲಿ ಕಳವು, ಆರೋಪಿ ಅಪರಿಚಿತ. ಆ ಓಣಿಯ ಬೀಟ್ ಕೂಡ ಅವನದೇ.

11:15ಕ್ಕೆ ಸ್ಥಳ ಪಂಚನಾಮೆ. ಬೀಗ ಸರಿ, ಕಿಟಕಿ ಸರಿ. ಪಂಚ ಸಾಕ್ಷಿಯಾಗಿ ಬಂದ ಎದುರು ಮನೆಯ ಲಾಡಬಿಗೆ ತನ್ನದೇ ಚಿಂತೆ: "ನಮ್ಮ ಎಮ್ಮಿ ಎಷ್ಟೊತ್ತಿಗೆ ಹೋತಂತ ಇನ್ನ ಯಾರನ್ನ ಕೇಳೂನ್ರಿ ಕಾಕಾ?"

"ನಿನ್ನೆ ಯಾರ್ಯಾರು ಬಂದಿದ್ರು?" ಬಸವೇಶ್ವರಿ ಕೇಳಿದರು.

ಅಮಾತೆಪ್ಪ ಕಚ್ಚಾ ಪುಸ್ತಕ ಬಿಚ್ಚಿ ಓದಿದರು. ಸೋಮಲಿಂಗ ಬರೆದುಕೊಳ್ಳುತ್ತ ಹೋದ.

"15:10, ಪೊಲೀಸ್ ಬೈಕ್, ಒಬ್ಬರು. ನೀರು ಕೇಳಿದರು; ತರಲು ಒಳಗೆ ಹೋದೆ. 15:21, ನಿರ್ಗಮನ. ಬರುವಾಗ ಹೊಟ್ಟೆ ದುಂಡು, ಹೋಗುವಾಗ ಚೌಕ."

ಪೆನ್ನು ನಿಂತಿತು.

"ಚೌಕ?"

"ಹಡಗು ಬಂದಾಗಿನ ಭಾರ, ಹೋಗೂವಾಗಿನ ಭಾರ ಎರಡೂ ಬರೀತಿದ್ವಿರಿ. ರೂಢಿ."

"ಏನದು ಅಂತ ಕೇಳಲಿಲ್ಲೇನ್ರಿ?"

"ಪೊಲೀಸ್ರ ಹೊಟ್ಟಿ ಬಗ್ಗೆ ನಾವೇನ್ ಕೇಳೂದ್ರಿ ಮೇಡಮ್ಮಾರ?"

ಲಾಡಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಸವೇಶ್ವರಿ ಸೋಮಲಿಂಗನ ಕಡೆ ತಿರುಗಿದರು. "ಬರಿ. ಚೌಕ ಅಂತನ ಬರಿ."

12:30. ಠಾಣೆ. ಬಸವೇಶ್ವರಿ ಸೋಮಲಿಂಗನನ್ನು ಎದುರಿಗೆ ನಿಲ್ಲಿಸಿಕೊಂಡರು.

"ರಜಿಸ್ಟರ್ ಎಲ್ಲೈತಿ?"

"ಬೀರಪ್ಪನ ಗುಡ್ಯಾಗ್ರಿ, ಡೊಳ್ಳಿನ ಹಿಂದ."

"ಯಾಕ?"

"ಹನ್ನೊಂದು ದಿನ ಬೀಟಿಗೆ ಹೋಗಿಲ್ರಿ. ಬೀಟ್ ಪುಸ್ತಕದಾಗ ಹೋದೆ ಅಂತ ಬರದೇನಿ. ಕಾಕಾ ಕೆಂಪು ಶಾಯಿಲೆ 'ಪೊಲೀಸ್ ಬರಲಿಲ್ಲ' ಅಂತ ಬರದಾರ. ಡಿವೈಎಸ್‌ಪಿ ನೋಡಿದ್ರ ನೌಕರಿ ಹೋಗತಿತ್ತು."

"ಹನ್ನೆರಡನೇ ದಿನ ಹೋದಿ, ಅದೂ ಕಳವು ಮಾಡಾಕ! ಆ ಹನ್ನೊಂದು ದಿನ ಎಲ್ಲಿದ್ದಿ?"

"ಅದ ಗುಡ್ಯಾಗ್ರಿ, ಅಪ್ಪನ ಕಡೆ ಪದಾ ಕಲಿಯಾಕ." ಅವನ ತಂದೆ ಮಾಳಪ್ಪ ಡೊಳ್ಳಿನ ಪದದ ಹಾಡುಗಾರ. ಗಂಟಲು ಬೇನೆಯಿಂದ ಈಗ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಮಾತ್ರ ದನಿ ಹೊರಡುತ್ತದೆ; ಮಗನ ಬೀಟಿನ ಹೊತ್ತೂ ಅದೇ. ಪದಗಳನ್ನು ಎಲ್ಲಿಯೂ ಬರೆದಿಟ್ಟಿಲ್ಲ; ಕೇಳಿಯೇ ಕಲಿಯಬೇಕು. ಇನ್ನೂ ಒಂಬತ್ತು ಪದ ಉಳಿದಿದ್ದವು.

ಅಜ್ಜಿಯ ಬಾಯಿಂದ ವಚನ ಕೇಳುತ್ತ ಬೆಳೆದವರು ಬಸವೇಶ್ವರಿ. ಆದರೂ ಬಂಧನದ ಮೆಮೊ ಅವನ ಮುಂದೆಯೇ ಇಟ್ಟರು. "ನಿನ್ನ ಅಕ್ಷರನ ಚೆಂದ, ಬರಿ." ಆರೋಪಿಯ ಹೆಸರಿನ ಜಾಗದಲ್ಲಿ ಸೋಮಲಿಂಗ ತನ್ನ ಹೆಸರನ್ನು ದುಂಡಗೆ ಬರೆದ.

ಸಂಜೆ ರಜಿಸ್ಟರ್ ಗುರುತಿಸಲು ಬಂದ ಅಮಾತೆಪ್ಪ ಎಲ್ಲವನ್ನೂ ಕೇಳಿಸಿಕೊಂಡರು. ಕಚ್ಚಾ ಪುಸ್ತಕ ತೆಗೆದು 'ಬೀರಪ್ಪನ ಗುಡಿ, 15:00' ಎಂದು ಬರೆದುಕೊಂಡರು.

"ಕಳವಿಂದು ಕೋರ್ಟಿನ್ಯಾಗ ರಾಜಿ ಆಗ್ತೇನ್ರಿ. ನಾಳಿ ಪದಾ ಕೇಳಿ ಬರಕೊಳ್ಳಾಕೂ ಹೋಗ್ತೇನಿ."

ಬಸವೇಶ್ವರಿಗೆ ಧೈರ್ಯ ಬಂತು. "ಹಂಗಾರ ಕಾಕಾರ, ಆ ಹನ್ನೊಂದು ದಿನದ ಕೆಂಪು ಶಾಯಿದು ಒಂದೀಟ ಹೊಡದ ಹಾಕ್ರಿ. ಇವನ ನೌಕರಿ ಉಳಿತೈತಿ."

ಅಮಾತೆಪ್ಪ ಪೆನ್ನಿನ ಮುಚ್ಚಳ ಹಾಕಿದರು.

"ಹೊಡಿಯೂದಿಲ್ರಿ. ಬಂದಿಲ್ಲಂದ್ರ ಬಂದಿಲ್ಲ."