ಬುತ್ತಿಯೊಳಗಿನ ದನಿ

"ನಮ್ಮವ್ವನ ದನಿ ಏನ್ ಮಾಡುದ್ರಿ?"

ಬಾಗಿಲಲ್ಲಿ ನಿಂತವನ ಮಾತಿಗೆ ಮಧುಶ್ರೀ ಬೆಚ್ಚಿ ತಲೆಯೆತ್ತಿದಳು. ಹುಣಸೂರಿನ ಆ ಪುಟ್ಟ ಸಾಫ್ಟ್‌ವೇರ್ ಆಫೀಸಿಗೆ ಹೀಗೆ ಜೋರು ಮಾಡಿಕೊಂಡು ಯಾರೂ ಬಂದದ್ದಿಲ್ಲ. ಖಾಕಿ ಅಂಗಿ, ಕೆಂಪಾದ ಕಣ್ಣು, ಮುಂದಕ್ಕೆ ಚಾಚಿದ ಕೈಯಲ್ಲಿ ಮೊಬೈಲು.

"ನೀವು... ಯಾರು?"

"ಮಾದೇಶ. ಬೀಚನಹಳ್ಳಿ ತಾವ ರೆಸಾರ್ಟ್‌ನಲ್ಲಿ ಜೀಪ್ ಓಡುಸ್ತೀನಿ. ನಿಮ್ಮ ಆ್ಯಪ್‌ಗೆ ನಮ್ಮವ್ವ ಕೇತಿ ಜೋಗುಳ ಹಾಡಿದ್ಲು. ಈಗ ಅವಳ ಫೋಟೋ ಮುಟ್ಟುದ್ರೆ ಬ್ಯಾರೆ ಯಾರದೋ ದನಿ ಬತ್ತದೆ!"

"ಅಷ್ಟೇ ತಾನೆ? ಅವ್ರ ಹತ್ರ ಇನ್ನೊಂದು ಸಲ ರೆಕಾರ್ಡ್ ಮಾಡ್ಕೊಂಡು ಬರೋಣ..."

"ಅವ್ವ ಓದ ತಿಂಗಳು ತೀರ್ಕೊಂಡ್ಲು, ಮೇಡಂ."

ಮಧುಶ್ರೀ ತಟ್ಟನೆ ಕಂಪ್ಯೂಟರಿನತ್ತ ತಿರುಗಿದಳು.

ಕಾಡಂಚಿನ ಹಾಡಿಗಳ, ಆದಿವಾಸಿ ಕೇರಿಗಳ, ಬಸುರಿಯರಿಗೆಂದು ಮಾಡಿದ ಆ್ಯಪ್ ಅದು. ಏನು ತಿನ್ನಬೇಕು, ಯಾವಾಗ ಆಸ್ಪತ್ರೆಗೆ ಹೋಗಬೇಕು ಎನ್ನುವುದನ್ನು ಹಾಡಿಯ ಹಿರಿಯ ಹೆಂಗಸರೇ ತಮ್ಮ ಮಾತಿನಲ್ಲಿ ಹೇಳಿದ್ದರು, ಜೋಗುಳಗಳನ್ನೂ ಹಾಡಿದ್ದರು. ಅಲ್ಲಿ ನೆಟ್‌ವರ್ಕ್ ಇಲ್ಲ. ಹಾಗಾಗಿ ದನಿ, ಚಿತ್ರ ಎಲ್ಲವೂ ಆ್ಯಪ್‌ನ ಒಳಗೇ ಇರಬೇಕಿತ್ತು.

ಅದಕ್ಕೆಂದೇ ಮಧುಶ್ರೀ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದಳು. ಅದಕ್ಕೆ ಬಟನ್ ಇಲ್ಲ, ಬಣ್ಣವಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿದರೆ ಸಾಕು, ಬೇಕಾದ ಫೈಲುಗಳನ್ನೆಲ್ಲ ಒಟ್ಟುಮಾಡಿ ತಯಾರಾಗುವ ಆ್ಯಪ್‌ನೊಳಗೆ ಸೇರಿಸಿ ಕಟ್ಟಿಬಿಡುತ್ತಿತ್ತು. ದಾರಿಗೆ ಊಟ ಕಟ್ಟಿಕೊಟ್ಟ ಹಾಗೆ! ಅದಕ್ಕೇ ಅವಳು ಅದನ್ನು 'ಬುತ್ತಿ' ಎಂದು ಕರೆಯುತ್ತಿದ್ದಳು.

ಹುಡುಕಿದಾಗ ತಪ್ಪು ಸಿಕ್ಕಿತು. ಬೇರೆ ಬೇರೆ ಹಾಡಿಗಳಲ್ಲಿ ಇಬ್ಬರು ಕೇತಿಯರಿದ್ದರು. ಇಬ್ಬರ ಫೈಲಿಗೂ ಒಂದೇ ಹೆಸರು. ಬುತ್ತಿ ಎರಡನೆಯದನ್ನು ಮೊದಲನೆಯದರ ಮೇಲೆ ಹಾಕಿ, ಸದ್ದಿಲ್ಲದೆ ಗಂಟು ಕಟ್ಟಿತ್ತು.

"ತಪ್ಪು ನಂದೇ. ಆದ್ರೆ ನಿಮ್ಮಮ್ಮನ ದನಿ ಎಲ್ಲೂ ಹೋಗಿಲ್ಲ, ಮೊದಲ ರೆಕಾರ್ಡಿಂಗ್ ಇಲ್ಲೇ ಇದೆ... ಕೇಳಿ."

ಒಂದು ಕೆಮ್ಮು. ಆಮೇಲೆ ನಾಚಿಕೆಯ ನಗು. "ಸುರು ಮಾಡ್ಲಾ, ಮಗಾ?" ಎಂದಿತು ಕೇತಿಯ ದನಿ.

ಮಾದೇಶ ಗೋಡೆಗೆ ಮುಖ ತಿರುಗಿಸಿದ. ಅವನ ಬೆನ್ನು ನಡುಗುವುದನ್ನು ನೋಡುತ್ತಾ ಮಧುಶ್ರೀಗೂ ಕಣ್ಣು ತುಂಬಿತು. 'ಇಷ್ಟು ದನಿಗಳನ್ನ ಕಟ್ಟಿ ಕಳಿಸಿದೆ... ಒಂದನ್ನಾದ್ರೂ ಪೂರ್ತಿ ಕೇಳಿದ್ದೆನಾ?'

ಅಂದೇ ಅವಳು ಬುತ್ತಿಯನ್ನು ತಿದ್ದಿದಳು. ಒಂದೇ ಹೆಸರಿನವು ಎರಡು ಬಂದರೆ ಅದು ನಿಂತು ಕೇಳಬೇಕು.

ಸರಿಮಾಡಿದ ಆ್ಯಪ್ ಕೊಡಲು ಹಾಡಿಗೆ ಹೋದಳು. ಮಾದೇಶನ ತಂಗಿ ಪ್ರೇಮಾ ನಾಲ್ಕು ತಿಂಗಳ ಬಸುರಿ, ಅವ್ವನ ಜೋಗುಳ ಕೇಳುತ್ತಾ ಕಂಬಕ್ಕೆ ಒರಗಿ ಕೂತುಬಿಟ್ಟಳು. ಅವತ್ತಿನಿಂದ ರಜೆ ಬಂತೆಂದರೆ ಮಧುಶ್ರೀ ಅಲ್ಲಿ. ಹೊಸ ದನಿಗಳನ್ನು ಕೂಡಿಸುವ ನೆಪ. ಅರ್ಥವಾಗದ ಮಾತುಗಳನ್ನು ಮಾದೇಶ ಬಿಡಿಸಿ ಹೇಳುತ್ತಿದ್ದ. ಬಸ್ ಬರುವವರೆಗೂ ರಸ್ತೆಬದಿಯಲ್ಲಿ ಜೊತೆಗೆ ನಿಲ್ಲುತ್ತಿದ್ದ. ಬಸ್ ತಡವಾಗಲಿ ಎಂದು ಇಬ್ಬರೂ ಬಯಸುತ್ತಿದ್ದರು. ಬಾಯಿಬಿಟ್ಟು ಯಾರೂ ಹೇಳಲಿಲ್ಲ...

ಒಂದು ಮಧ್ಯಾಹ್ನ ಮಾದೇಶನ ಫೋನ್ ಬಂತು. ಹಿಂದೆ ತಟ್ಟೆ ಚಮಚಗಳ ಸದ್ದು, ಯಾರದೋ ನಗು. ಅದರ ನಡುವೆ... ಕೇತಿಯ ಜೋಗುಳ!

"ಕೇಳುಸ್ತಾ? ರೆಸಾರ್ಟ್‌ನಲ್ಲಿ ಊಟಕ್ಕೆ ಕೂತೋರ್ಗೆ ನಮ್ಮವ್ವನ ಹಾಡು ಹಾಕವ್ರೆ. ನಂಬಿ ಕೊಟ್ಟಿದ್ದೆ ನಿಮ್ಗೆ."

"ಮಾದೇಶ್, ನಾನು ಕೊಟ್ಟಿಲ್ಲ... ನಂಗೇನೂ..."

"ಇನ್ಯಾರು ಕೊಟ್ರು? ಕಳ್ತನ ಕಣ್ರೀ ಇದು!"

ಫೋನ್ ಕಡಿಯಿತು. ಮತ್ತೆ ಮಾಡಿದಳು. ಸ್ವಿಚ್ ಆಫ್.

'ನನ್ನನ್ನ ಇಷ್ಟೇನಾ ತಿಳ್ಕೊಂಡಿದ್ದು?'

ಮರುದಿನ ನೇರ ಬೀಚನಹಳ್ಳಿಗೆ ಹೋದಳು. ಮಾದೇಶ ಕೆಲಸ ಬಿಟ್ಟು ಕೊಡಗಿನ ಕಾಫಿ ತೋಟಕ್ಕೆ ಹೋಗಿಯಾಗಿತ್ತು. ರೆಸಾರ್ಟ್ ಮ್ಯಾನೇಜರ್ ಕಿರಣ್‌ಕುಮಾರ್ ಸೌಜನ್ಯದಿಂದಲೇ ಕೂರಿಸಿದ.

"ಆ್ಯಪ್ ಬಿಚ್ಚಿದ್ರೆ ಒಳಗಿನ ಫೈಲೆಲ್ಲಾ ಸಿಗುತ್ತೆ ಮೇಡಂ. ನಮ್ಮ ಹುಡುಗ್ರು ತೆಗೆದ್ರು. ಹಾಡು ಚೆನ್ನಾಗಿತ್ತು, ಹಾಕಿದ್ವಿ."

ಮಧುಶ್ರೀ ಕಟ್ಟುವುದನ್ನು ಕಲಿತಿದ್ದಳು, ಬಿಚ್ಚುವವರ ಬಗ್ಗೆ ಯೋಚಿಸಿರಲೇ ಇಲ್ಲ.

"ಹಾಡಿದವರು ತಮ್ಮ ಹಾಡಿಯ ಮಕ್ಕಳಿಗೆ ಅಂತ ಹಾಡಿದ್ದು ಸಾರ್. ಈಗ ಅವ್ರು ಇಲ್ಲ. ಅವ್ರ ಮಗ ನಿಮ್ಮ ಜೀಪ್ ಓಡಿಸ್ತಿದ್ರು."

"ಯಾರು... ಮಾದೇಶನಾ?"

ಕಿರಣ್‌ಕುಮಾರ್ ಎದ್ದು ಹೋಗಿ ತಾನೇ ಹಾಡು ನಿಲ್ಲಿಸಿದ. ಅವಳ ಎದುರಿಗೇ ಫೈಲನ್ನು ಅಳಿಸಿದ.

ಮಧುಶ್ರೀ ಬುತ್ತಿಯನ್ನು ಮೊದಲಿನಿಂದ ಬರೆದಳು. ಈಗ ದನಿಗಳು ಬೀಗ ಬಿದ್ದು ಒಳಗೆ ಹೋಗುತ್ತಿದ್ದವು. ಬಿಚ್ಚಿ ತೆಗೆದರೆ ಬರೀ ಗೊರಗೊರ ಸದ್ದು. ಯಾವ ಬೀಗವೂ ಶಾಶ್ವತವಲ್ಲವೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಹಾಡಿ ಹಾಡಿಗೆ ಹೋಗಿ, ಇದನ್ನೂ ಹೇಳಿ, ಒಬ್ಬೊಬ್ಬರನ್ನೂ ಹೊಸದಾಗಿ ಕೇಳಿದಳು. ಬೇಡವೆಂದ ಹೆಂಗಸರ ದನಿಯನ್ನು ತೆಗೆದುಬಿಟ್ಟಳು.

"ನಿಮ್ಮಮ್ಮನ ದನಿ ಇರ್ಲಾ ಪ್ರೇಮಾ, ತೆಗೀಲಾ?"

"ಇರ್ಲಿ ಅಕ್ಕ. ನನ್ ಕೂಸು ಅಜ್ಜೀನ ಇನ್ನೆಲ್ಲಿ ಕೇಳದು?"

"ನಿಮ್ಮಣ್ಣ..."

"ಬೋ ದುಡುಕು ಅವ್ನು," ಎಂದು ಪ್ರೇಮಾ ಅವಳ ಕೈ ಹಿಡಿದಳು. "ನೀ ಬರದು ಬುಡ್ಬೇಡ."

ಪ್ರೇಮಾಗೆ ನೋವು ಬಂದಾಗ ತಾಲ್ಲೂಕು ಆಸ್ಪತ್ರೆಗೆ ಮಧುಶ್ರೀಯೇ ಜೊತೆಗೆ ಹೋದಳು. ಹೆಣ್ಣು ಮಗು. ತಾಯಿ, ಮಗು ಕ್ಷೇಮ.

ಬೆಳಗಿನ ಬಿಸಿಲು ಬಿದ್ದ ಆಸ್ಪತ್ರೆಯ ಜಗಲಿಯಲ್ಲಿ ಅವಳು ಒಬ್ಬಳೇ ಕೂತಿದ್ದಾಗ ಎದುರಿಗೆ ನೆರಳೊಂದು ಬಂದು ನಿಂತಿತು. ಮಾದೇಶ! ಇಳಿದುಹೋಗಿದ್ದ. ಗಡ್ಡ ಬೆಳೆದಿತ್ತು.

"ಕಿರಣ್‌ಕುಮಾರ್ ಸಾರ್ ಎಲ್ಲಾ ಏಳುದ್ರು," ಎಂದ ಮೆಲ್ಲಗೆ.

"ಯಾವಾಗ?"

"ಆಗ್ಲೇ... ಬಾಳ ದಿನ ಆಯ್ತು."

"ಮತ್ತೆ ಒಂದು ಫೋನ್ ಮಾಡೋಕಾಗ್ಲಿಲ್ವಾ?"

"ಯಾವ ಮಕ ಇಟ್ಕಂಡು ಮಾಡ್ಲಿ? ಇಂದೆ ಮುಂದೆ ನೋಡ್ದೆ ಕಳ್ತನ ಅಂದ್ಬುಟ್ಟೆ."

"ಬೈದಿದ್ದಕ್ಕೆ ನೋವಾಗ್ಲಿಲ್ಲ ಮಾದೇಶ್. ನನ್ನ ಮಾತು ಕೇಳೋಕೆ ನೀವು ನಿಲ್ಲಲೇ ಇಲ್ಲ."

"ಈಗ ನಿಂತಿವ್ನಿ. ಅದೇನು ಏಳ್ಬೇಕೋ ಏಳಿ."

ಹೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ! ಒಂದೇ ಒಂದು ಉಳಿದಿತ್ತು.

"ನೀವಿಲ್ದೆ ನಂಗಾಗಲ್ಲ."

ಮಾದೇಶ ಅಲ್ಲೇ ಮೆಟ್ಟಿಲ ಮೇಲೆ ಕೂತ. "ನಂಗೂ ಅಂಗೇಯ... ಆದ್ರೆ ನಾವು ಹಾಡಿ ಜನ. ನಿಮ್ಮನೇಲಿ ಒಪ್ಕಂತಾರಾ?"

"ಮನೇಲಿ ಆಗ್ಲೇ ಹೇಳಿಬಿಟ್ಟಿದೀನಿ. ಅಪ್ಪ ಅರ್ಧ ಊಟದಲ್ಲಿ ಎದ್ದು ಹೋದ್ರು. ಇನ್ನೂ ನನ್ನ ಹತ್ರ ಮಾತಿಲ್ಲ. ಅಮ್ಮ ತುಂಬಾ ಅತ್ರು. ಆಮೇಲೆ, ಹುಡುಗ ಹೆಂಗವ್ನೆ ಅಂತ ಕೇಳಿದ್ರು."

"ನೀವೇನಂದ್ರಿ?"

"ಕೋಪ ಜಾಸ್ತಿ ಅಂದೆ."

ಅವನು ನಕ್ಕ. ನಗುತ್ತಲೇ ತೋಳಿನಿಂದ ಕಣ್ಣೊರೆಸಿಕೊಂಡ. "ಅಷ್ಟೇಯಾ?"

"ಉಳಿದಿದ್ದು ಅವ್ರೇ ನೋಡಿ ತಿಳ್ಕೊಳ್ಳಲಿ. ಬರ್ತೀರಾ ತಾನೆ?"

"ಬತ್ತೀನಿ. ನಿಮ್ಮಪ್ಪ ಬೈದ್ರೂ ನಿಂತು ಕೇಳ್ತೀನಿ."

"ಮತ್ತೆ ಕೊಡಗಿಗೆ...?"

ಅವನು ಮೊದಲ ಸಲ ಅವಳ ಕೈಯನ್ನು ತನ್ನ ಒರಟು ಕೈಯೊಳಗೆ ತೆಗೆದುಕೊಂಡ.

"ಇನ್ನು ನೀವೇ ಓಗು ಅಂದ್ರೂ ಓಗಕಿಲ್ಲ ಕಣ್ರೀ."