ಒಣಗಿದ ಮಿದುಳಿನ ತೂಕ

"ಸರ್, ಪರಿಮಳಕ್ಕ ನನ್ನ ಮೇಲೆ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದಿಟ್ಟಿದ್ದಾರೆ. ಅದು ಹೋದರೆ ಯಾವ ಪ್ರಯೋಗಾಲಯದವರೂ ನನ್ನನ್ನು ಒಳಗೆ ಬಿಡುವುದಿಲ್ಲ" ಎಂದು ಕಿಶೋರ ಚಂದ್ರಶೇಖರಪ್ಪನವರ ಜಗಲಿಯಲ್ಲಿ ನಿಂತಲ್ಲೇ ಹೇಳಿದ.

ಅದು ೧೯೯೭ರ ಆಷಾಢ. ತೂಕ-ಅಳತೆ ಇಲಾಖೆಯಿಂದ ನಿವೃತ್ತರಾಗಿ ಶಿರಸಿಯಲ್ಲಿ ನೆಲೆಸಿದ್ದ ಚಂದ್ರಶೇಖರಪ್ಪನವರು ಕಳ್ಳ ತಕ್ಕಡಿಯಷ್ಟೇ ಸಲೀಸಾಗಿ ಕಳ್ಳರನ್ನೂ ಹಿಡಿಯುತ್ತಾರೆಂದು ಪೇಟೆಯಲ್ಲಿ ಮಾತಿತ್ತು. ಅವರ ಜೊತೆಗಾರ ಬಸಪ್ಪ ಮಾಸ್ತರರಿಗೆ ಅದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಆದರೆ ಕಿಶೋರ ಇಲಿಯ ಮಿದುಳು ಎಂದಾಗ ಅವರಿಗೂ ತಲೆ ಗಿರ್ರೆಂದಿತು.

ಪರಿಮಳಾ ಸಂಶೋಧಕಿ, ಕಿಶೋರ ಅವಳ ಸಹಾಯಕ. ಅಡ್ರಿನಾಲಿನ್ನಿನ ಪ್ರಭಾವ ತಡೆಯುವ ಔಷಧದಿಂದ ಮಿದುಳಿನ ಬಾವು ಇಳಿಯುತ್ತದೆಯೇ ಎಂಬುದು ಅವರ ಪ್ರಶ್ನೆ. ಬಾವೆಂದರೆ ನೀರು. ಹಸಿ ಮಿದುಳನ್ನು ಬಟ್ಟಲಲ್ಲಿಟ್ಟು ತೂಗಿ, ಒಲೆಪೆಟ್ಟಿಗೆಯಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಿದರೆ ಇಳಿದಷ್ಟು ತೂಕವೇ ನೀರು. ಈ ಸಲ ಹೋಲಿಕೆಗೆಂದು ಔಷಧವಿಲ್ಲದೆ ಬರೀ ಉಪ್ಪುನೀರಿನ ಸೂಜಿ ಚುಚ್ಚಿಸಿಕೊಂಡ ಇಲಿಗಳಲ್ಲೂ ಬಾವು ಇಳಿದಂತೆ ಲೆಕ್ಕ ಬಂದಿತ್ತು. ಸೂಜಿ ಕೊಟ್ಟವನು ಕಿಶೋರ. ಬಾಟಲಿ ಬದಲಾಯಿಸಿದವನೂ ಅವನೇ ಎಂದು ಪರಿಮಳಾ ತೀರ್ಮಾನಿಸಿದ್ದಳು.

ಪ್ರಯೋಗಾಲಯದಲ್ಲಿ ಚಂದ್ರಶೇಖರಪ್ಪ ಒಂದು ದಪ್ಪ ಗಾಜಿನ ಜಾಡಿಯ ಮುಂದೆ ನಿಂತರು. "ಇದ್ಯಾಕ್ರಿ?"

"ಒಣಗಿದ ಬಟ್ಟಲು ತಣಿಯುವವರೆಗೆ ಇದರಲ್ಲಿ ಮುಚ್ಚಿಡ್ತೇವೆ. ತಳದ ನೀಲಿ ಹರಳು ತೇವ ಹೀರ್ತದೆ" ಎಂದಳು ಪರಿಮಳಾ.

"ಇವು ಗುಲಾಬಿ ಅದಾವಲ್ಲ?"

"ತೇವ ಹೀರಿದರೆ ಹಾಗಾಗ್ತದೆ. ಮಳೆಗಾಲ ನೋಡಿ."

"ಬಟ್ಟಲು ಒಲೆಪೆಟ್ಟಿಗೆಯಿಂದ ತೆಗೆದು ಇದರಾಗ ಇಟ್ಟವರು ಯಾರು?"

"ಔಷಧದ ಇಲಿಗಳದ್ದು ನಾನು. ಉಪ್ಪುನೀರಿನವುಗಳ ದಿನ ಉಮ್ಮಚಗಿಗೆ ಅಜ್ಜನ ತಿಥಿಗೆ ಹೋಗಿದ್ದೆ. ತೆಗೆದಿಡಲು ವೆಂಕಮ್ಮನಿಗೆ ಹೇಳಿದ್ದೆ" ಎಂದ ಕಿಶೋರ. ವೆಂಕಮ್ಮ ಅಲ್ಲಿ ಕಸ ಗುಡಿಸಿ, ಪಾತ್ರೆ ತೊಳೆಯುವವಳು.

"ಪತ್ರ ಒಂದು ದಿನ ತಡೀರಿ. ಆ ಉಪ್ಪುನೀರಿನ ಇಲಿಗಳ ಬಟ್ಟಲುಗಳನ್ನ ಇನ್ನೊಮ್ಮೆ ಒಣಗಿಸ್ರಿ" ಎಂದು ಚಂದ್ರಶೇಖರಪ್ಪ ಹೊರಟುಬಿಟ್ಟರು.

ಮರುದಿನ ಎಲ್ಲರೂ ತಕ್ಕಡಿಯ ಸುತ್ತ ಸೇರಿದರು. ಪರಿಮಳಾ ತೂಗಿದಳು. ಒಂದೊಂದು ಬಟ್ಟಲೂ ಮೊದಲಿಗಿಂತ ಹಗುರ!

"ಬಾಟಲಿ ಬದಲಾಗಿದ್ರ, ಎಷ್ಟು ಒಣಗಿಸಿದ್ರೂ ತೂಕ ಅಷ್ಟೇ ಇರಬೇಕಿತ್ತು" ಎಂದರು ಚಂದ್ರಶೇಖರಪ್ಪ. "ಒಣಗಿದ ಮಿದುಳು ಗಾಳಿಯ ತೇವ ಕುಡಿದು ಭಾರ ಆಗಿತ್ತು. ಅದಕ್ಕ ನಿಮ್ಮ ಲೆಕ್ಕದಾಗ ನೀರು ಕಡಿಮೆ ಬಂತು, ಬಾವು ಇಳಿದಂಗ ಕಂಡಿತು. ಹರಳು ಗುಲಾಬಿ ಆಗಿದ್ದೂ ಜಾಡಿ ಬಾಯಿ ತೆರೆದಿದ್ದಕ್ಕ. ವೆಂಕಮ್ಮಾ, ಬಿಸಿ ಚಕ್ಕುಲಿ ಡಬ್ಬಿಗೆ ತುಂಬಿ ಮುಚ್ಚತೀರೇನು?"

"ಯಾರಾದ್ರೂ ಮುಚ್ತಾರಾ? ಬೆವರಿ ಮೆತ್ತಗಾಗ್ತದೆ" ಎಂದಳು ವೆಂಕಮ್ಮ. "ಅವತ್ತೂ ಬಿಸಿ ಇತ್ತು. ಜಾಡಿ ಮುಚ್ಚಳ ಓರೆ ಮಾಡಿಟ್ಟು ಹೋದೆ, ಬೆಳಿಗ್ಗೆ ಬಂದು ಮುಚ್ಚಿದೆ. ತಪ್ಪಾಯ್ತಾ? ನನ್ನ ಒಂದು ಮಾತು ಕೇಳಿದ್ರೆ ಆವತ್ತೇ ಹೇಳ್ತಿದ್ದೆ."

ಅವಳನ್ನು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಬಸಪ್ಪ ಮಾಸ್ತರರಿಗೆ ತಮ್ಮ ಮೇಲೇ ನಾಚಿಕೆಯಾಯಿತು.

ಪರಿಮಳಾ ಪತ್ರವನ್ನು ನಾಲ್ಕು ಚೂರು ಮಾಡಿ, ತಮ್ಮಿಬ್ಬರ ಮನೆಮಾತಾದ ಹವ್ಯಕಕ್ಕೆ ಹೊರಳಿದಳು. "ತಪ್ಪಾತು ತಮ್ಮಾ. ಎಂತ ಹೇಳವು ಹೇಳಿ ಗೊತ್ತಾಗ್ತಿಲ್ಲೆ."

ಕಿಶೋರ ತಲೆ ಎತ್ತಲಿಲ್ಲ. "ತಪ್ಪು ನಂದಲ್ಲ ಹೇಳಿ ಆನು ಮೊದಲನೇ ದಿನವೇ ಹೇಳಿದ್ದಿ ಅಕ್ಕಾ" ಎಂದ. "ನೀನು ನಂಬಿದ್ದು ತಕ್ಕಡಿಯ, ನನ್ನ ಅಲ್ಲ."