ಒಂದು ‘ಗೆ’ ಕಡಿಮೆ

ನನ್ನ ಎದುರಿನ ಕುರ್ಚಿ ಎಳೆದುಕೊಂಡು ಆ ಮನುಷ್ಯ ಕುಳಿತಾಗ, ನಾನು ಕೆಂಪು ಪೆನ್ನಿನ ಮುಚ್ಚಳ ತೆಗೆದೆ. ಎರಡು ವರ್ಷ ಹಲ್ಲು ಕಚ್ಚಿಕೊಂಡು ಕಾದಿದ್ದೆ. ದೇವರು ದೊಡ್ಡವನು, ತಾನಾಗಿ ಕೈಗೆ ಸಿಕ್ಕಿದ್ದ.

“ನಮಸ್ಕಾರ ಮೇಡಂ. ನನ್ನ ನೆನಪಿದ್ಯಾ?”

“ಇಲ್ಲ,” ಎಂದೆ.

ಹಸಿ ಸುಳ್ಳು. ಮೊಣಕೈವರೆಗೆ ಮಡಚಿದ ಆ ಅಂಗಿಯ ತೋಳು, ವಾಚಿನ ಬೆಲ್ಟಿಗೆ ಅಂಟಿದ ಚಾಕ್‌ಪೀಸಿನ ಪುಡಿ, ತುಟಿಯ ಒಂದೇ ಬದಿಗೆ ಬರುವ ಆ ಹಾಳು ನಗು, ಎಲ್ಲವೂ ನೆನಪಿತ್ತು. ಮರೆಯೋಣವೆಂದರೂ ಮರೆಯಲು ಬಿಟ್ಟವರು ಯಾರು?

ಎರಡು ವರ್ಷದ ಹಿಂದೆ ಇತಿಹಾಸ ಶಿಕ್ಷಕರ ತರಬೇತಿ ನಡೆದಿತ್ತು. ಮಧ್ಯಯುಗದ ಕೋಟೆಗಳ ಬಗ್ಗೆ ಮಾದರಿ ಪಾಠ ಮಾಡುವ ಅವಕಾಶ ನನ್ನದಾಗಿತ್ತು. ದೊಡ್ಡ ಪರದೆಯ ಮೇಲೆ ನನ್ನ ವಾಕ್ಯ ಬಂತು: ‘ಮುತ್ತಿಗೆ ಮುಂಚೆ ಬಾಗಿಲುಗಳನ್ನು ಭದ್ರವಾಗಿ ಮುಚ್ಚುತ್ತಿದ್ದರು.’

‘ಮುತ್ತಿಗೆಗೆ ಮುಂಚೆ’ ಎಂದಿರಬೇಕಿತ್ತು. ದಿನಾ ಬೆಳಗಾದರೆ ‘ಅತ್ತಿಗೆಗೆ ಟೀ ಕೊಡು’ ಎಂದು ಅಣ್ಣನ ಬಾಯಲ್ಲಿ ಎರಡು ‘ಗೆ’ ಕೇಳುವ ನಾನು, ಟೈಪು ಮಾಡುವಾಗ ಒಂದನ್ನು ನುಂಗಿದ್ದೆ. ನನಗೆ ಗೊತ್ತೇ ಆಗಿರಲಿಲ್ಲ. ಮೊದಲ ಸಾಲಿನಿಂದ ಈ ಮನುಷ್ಯ ಎದ್ದು ನಿಂತ.

“ಮೇಡಂ, ಒಂದು ಡೌಟು. ಮುತ್ತಿಗೆ ಮುಂಚೆ ಬಾಗಿಲು ಮುಚ್ಚೋದು ಒಳ್ಳೇ ಅಭ್ಯಾಸನೇ. ಮುಚ್ಚದೇ ಇದ್ರೆ ಏನಾಗುತ್ತೆ?”

ಹಾಲ್‌ಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಪಠ್ಯಪುಸ್ತಕ ಸಮಿತಿಯ ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮರುದಿನವೇ ಪಾಠ ಬರೆಯುವವರ ತಂಡದಿಂದ ನನ್ನನ್ನು ಕೈಬಿಟ್ಟು, ಬೇರೆಯವರು ಬರೆದದ್ದನ್ನು ತಿದ್ದುವ ಕೆಲಸಕ್ಕೆ ಹಾಕಿದರು. ಅಂದಿನಿಂದ ನಾನು ಎಲ್ಲರ ಬಾಯಲ್ಲಿ ‘ಮುತ್ತು ಮೇಡಂ’. ಬಸ್ಸಿನಲ್ಲಿ ಯಾರಾದರೂ ಮುತ್ತಿನ ಸರ ಎಂದರೂ ನನ್ನ ಕಿವಿ ಬಿಸಿಯಾಗುತ್ತಿತ್ತು.

ಈಗ ಅದೇ ಸಮಿತಿ ಹೈಸ್ಕೂಲು ಮಕ್ಕಳಿಗೆ ಪ್ರಾಚೀನ ಮತ್ತು ಮಧ್ಯಯುಗದ ವಿಶ್ವ ಇತಿಹಾಸದ ಪದಕೋಶ ಮಾಡಿಸುತ್ತಿತ್ತು. ನಗರರಾಜ್ಯ, ಸಾಮಂತ, ಕದನವಿರಾಮ, ಇಂಥ ಪದಗಳಿಗೆ ಅವನು ಅರ್ಥ ಬರೆಯಬೇಕು, ನಾನು ತಿದ್ದಬೇಕು. ಪದಕೋಶ ಚೆನ್ನಾಗಿ ಬಂದರೆ ಮುಖ್ಯ ಪುಸ್ತಕಕ್ಕೂ ಅವನೇ ಸಂಪಾದಕ ಎಂದು ಅಧ್ಯಕ್ಷೆ ಆಗಲೇ ಹೇಳಿಯಾಗಿತ್ತು. ಅದನ್ನು ಕೇಳಿ ನನ್ನ ಹೊಟ್ಟೆ ಚುರುಚುರು ಉರಿದಿತ್ತು.

ಅವನ ಬೆವರಿಳಿಸಿದೆ. ಅವನು ಬರೆದದ್ದನ್ನೆಲ್ಲ ಹೊಡೆದು ಹಾಕಿದೆ.

“‘ಕದನವಿರಾಮ: ಯುದ್ಧದ ನಡುವೆ ಎರಡೂ ಕಡೆಯವರು ಒಪ್ಪಿ ತೆಗೆದುಕೊಳ್ಳುವ ಬಿಡುವು.’ ಇದಾದ್ರೂ ಸರಿ ಇದ್ಯಾ ಮೇಡಂ?”

“ಬಿಡುವು ಅಂದ್ರೆ ಟೀ ಕುಡಿಯೋ ಹೊತ್ತು ಅಂದ್ಕೋತಾರೆ ಮಕ್ಕಳು. ಮತ್ತೆ ಬರೀರಿ.”

“ಹಾಗಾದ್ರೆ ಒಂದು ಟೀ ಕುಡಿದು ಬಂದು ಬರೀಲಾ? ನೀವೂ ಬರ್ತೀರಾ?”

“ನನ್ನ ಹತ್ರ ಕದನವಿರಾಮ ಇಲ್ಲ.”

ಅವನು ಕೋಪಿಸಿಕೊಳ್ಳಲಿಲ್ಲ. ಮತ್ತೆ ಬರೆದ. ಬರೆಯುವಾಗ ಕೂದಲು ಹಣೆಗೆ ಬೀಳುತ್ತಿತ್ತು, ಊದಿ ಮೇಲೆ ಕಳಿಸುತ್ತಿದ್ದ. ತಿದ್ದಿದ ಹಾಳೆ ವಾಪಸು ಕೊಟ್ಟರೆ ಹಾಳೆ ನೋಡುವ ಮೊದಲು ನನ್ನನ್ನು ನೋಡುತ್ತಿದ್ದ. ನನಗೆ ಸೆಕೆಯೆಂದು ನಾನು ಹೇಳದೆಯೇ ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿ, ತಾನು ಬೆವರುತ್ತಾ ಕುಳಿತಿರುತ್ತಿದ್ದ. ಇದೆಲ್ಲ ನನ್ನ ಕಣ್ಣಿಗೆ ಬೀಳುತ್ತಿತ್ತಲ್ಲ, ಅದಕ್ಕೆ ನನ್ನ ಮೇಲೇ ನನಗೆ ಸಿಟ್ಟು.

ಒಂದು ಮಧ್ಯಾಹ್ನ ಪೆನ್ನು ಕೆಳಗಿಟ್ಟು, “ಆವತ್ತು ಹಾಲ್‌ನಲ್ಲಿ ನಾನು...” ಎಂದು ಶುರು ಮಾಡಿದ.

“‘ಸಾಮಂತ’ ಇನ್ನೂ ಮುಗಿದಿಲ್ಲ,” ಎಂದೆ. ಮತ್ತೆ ಪೆನ್ನು ಎತ್ತಿಕೊಂಡ. ಅಷ್ಟು ಸುಲಭಕ್ಕೆ ಕ್ಷಮೆ ಕೇಳಿ ಹಗುರಾಗಲು ಬಿಡುತ್ತೇನೆಯೇ?

ಕೊನೆಯ ಪ್ರತಿ ನನ್ನ ಕೈಗೆ ಬಂದ ದಿನ, ‘ಕಪ್ಪ’ ಎಂಬ ಪದದ ಹತ್ತಿರ ನನ್ನ ಕಣ್ಣು ನಿಂತಿತು. ಸೋತ ರಾಜ ಗೆದ್ದವನಿಗೆ ಒಪ್ಪಿಸುವ ಕಾಣಿಕೆ, ಅಲ್ಲಿಯವರೆಗೆ ಸರಿ. ಮುಂದೆ ಹೀಗಿತ್ತು: ‘ಸಾಮಂತರು ಪ್ರತಿ ವರ್ಷ ಚಕ್ರವರ್ತಿಗೆ ಕಪ್ಪೆ ಕೊಡಬೇಕಿತ್ತು.’

ಕಪ್ಪೆ. ವಟಗುಟ್ಟುವ ಕಪ್ಪೆ.

ಪೆನ್ನು ಕಾಗದದ ತನಕ ಹೋಯಿತು. ವಾಪಸು ಬಂತು. ಸಮಿತಿಯ ಸಭೆಯಲ್ಲಿ ಎಲ್ಲರೆದುರು ಇದನ್ನು ಗಟ್ಟಿಯಾಗಿ ಓದುವವನು ಅವನೇ. ನಾನು ಸಹಿ ಹಾಕಿ ಕಳಿಸಿದೆ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಒಬ್ಬಳೇ ನಕ್ಕೆ.

ಅತ್ತಿಗೆಗೆ ಹೇಳಿದರೆ, “ಅಯ್ಯೋ ಪಾಪ ಕಣೇ,” ಎಂದಳು.

“ಯಾರು ಪಾಪ, ಅವನಾ?”

“ಕಪ್ಪೆ.”

ಸಭೆಯ ದಿನ ಅವನು ಎದ್ದು ನಿಂತು, ಒಂದಕ್ಷರ ನುಂಗದೆ, ಸ್ಪಷ್ಟವಾಗಿ ಓದಿದ. “...ಕಪ್ಪೆ ಕೊಡಬೇಕಿತ್ತು.” ಹಿಂದಿನ ಸಾಲಿನಿಂದ ಯಾರೋ ವಟರ್ ಎಂದರು. ಅಲ್ಲಿಗೆ ಮುಗಿಯಿತು. ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಬಾಯಿಗೆ ಸೆರಗು ಅಡ್ಡ ಹಿಡಿಯಬೇಕಾಯಿತು. ಎರಡು ವರ್ಷದ ಉರಿಗೆ ತಣ್ಣೀರು ಸುರಿದಂತಾಯಿತು.

ಆದರೆ ಅಧ್ಯಕ್ಷೆ ನಗಲಿಲ್ಲ. ನನ್ನ ಕಡೆ ತಿರುಗಿದರು. “ತಿದ್ದಿದ್ದು ನೀವಲ್ವಾ? ಇದು ಕಾಣ್ಲಿಲ್ವಾ?”

ಸೇಡಿನ ಭರದಲ್ಲಿ ನನ್ನ ಸಹಿಯನ್ನೇ ಮರೆತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ, “ಮೇಡಂ ತಿದ್ದಿದ್ದು ಸರಿಯಾಗೇ ಇತ್ತು. ಆಮೇಲೆ ನಾನೇ ಕೈಯಾಡಿಸಿ ಕೆಡಿಸ್ದೆ. ತಪ್ಪು ಪೂರ್ತಿ ನಂದು.”

ಮುಖ್ಯ ಪುಸ್ತಕದ ಸಂಪಾದಕತ್ವ ಅಲ್ಲೇ, ಅವನ ಕಣ್ಣೆದುರೇ, ಇನ್ನೊಬ್ಬರ ಪಾಲಾಯಿತು. ಅವನು ಹಾಳೆ ಮಡಚಿಟ್ಟು ಕುಳಿತ. ನನ್ನ ಖುಷಿಗೆ ಎಲ್ಲಿಂದಲೋ ಹುಳಿ ಸೇರಿಕೊಂಡಿತು. ನನ್ನನ್ನು ಯಾಕೆ ಉಳಿಸಿದ?

ನೇರ ಕೆಳಗಿಳಿದು ಹೋದೆ. ಅಲ್ಲಿ ಅಕ್ಷರ ಜೋಡಿಸುವ ಅಕ್ಕ ಕಂಪ್ಯೂಟರಿನ ಮುಂದೆ ಬೆರಳು ಮುರಿಯುತ್ತಿದ್ದಳು.

“ಅಕ್ಕ, ಆ ಕಪ್ಪೆ ಹೇಗೆ ಬಂತು?”

“ನಾನೂ ಕೇಳ್ದೆ ಮೇಡಂ. ಸರ್, ಇದು ಕಪ್ಪ ಅಲ್ವಾ ಅಂದೆ. ಇಲ್ಲ ಅಕ್ಕ, ಏತ್ವ ಕೊಡಿ, ಕಪ್ಪೆನೇ ಬೇಕು ಅಂದ್ರು. ನನಗೇನು, ಆನೆ ಅಂದಿದ್ರೆ ಆನೆನೇ ಹಾಕ್ತಿದ್ದೆ.”

ಮೆಟ್ಟಿಲು ಹತ್ತುವಾಗ ನನ್ನ ತಲೆಯಲ್ಲಿ ಹೊಗೆಯಾಡುತ್ತಿತ್ತು. ಅವನು ನಮ್ಮ ಕೋಣೆಯಲ್ಲಿ ಹಾಳೆಗಳನ್ನು ಚೀಲಕ್ಕೆ ತುಂಬುತ್ತಿದ್ದ.

“ನನ್ನ ಸೇಡನ್ನೂ ನೀವೇ ತೀರಿಸಿದ್ರಾ? ಎರಡು ವರ್ಷ ಸಾಕಿ ಬೆಳೆಸಿದ ಸೇಡು ಅದು. ನನಗೆ ಭಿಕ್ಷೆ ಹಾಕೋಕೆ ನೀವ್ಯಾರು?”

“ಭಿಕ್ಷೆ ಅಲ್ಲ,” ಎಂದ. “ಕಪ್ಪ. ಸೋತವನು ಕೊಡೋದು.”

“ನೀವು ಯಾವಾಗ ಸೋತ್ರಿ?”

“ಆವತ್ತೇ. ನಿಮ್ಮ ಕಣ್ಣಿಗೆ ಬೀಳ್ಬೇಕು ಅಂತ ಬಾಯಿಗೆ ಬಂದಿದ್ದು ಕೇಳ್ಬಿಟ್ಟೆ. ಎಲ್ಲ ನಗ್ತಿದ್ರು. ನೀವು ಸ್ಟೇಜ್ ಇಳೀತಾ ನನ್ನ ಕಡೆ ಒಂದು ಸಲ ನೋಡಿದ್ರಿ. ಆ ನೋಟ ಹೊತ್ಕೊಂಡೇ ಓಡಾಡ್ತಿದೀನಿ. ನೀವು ಕಳ್ಕೊಂಡಿದ್ದನ್ನ ನಾನೂ ಕಳ್ಕೊಳ್ದೇ ಇದ್ರೆ, ನಿಮ್ಮನ್ನ ಇಷ್ಟಪಡ್ತೀನಿ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?”

ಆ ಒಂದು ಬದಿಯ ನಗು ಅವನ ಮುಖದಲ್ಲಿ ಇರಲಿಲ್ಲ. ಅದಿಲ್ಲದ ಮುಖ ನೋಡಿ ನನಗೆ ಸಂಕಟವಾಯಿತು. ಆದರೂ ಬಿಡಲಿಲ್ಲ.

“ನಾನು ಆ ಕಪ್ಪೆನ ತಿದ್ದಿಬಿಟ್ಟಿದ್ರೆ?”

“ಕ್ಷಮಿಸಿದೀರಿ ಅಂದ್ಕೋತಿದ್ದೆ.”

“ತಿದ್ಲಿಲ್ಲ.”

“ಹೌದು. ಗೊತ್ತಾಯ್ತು.” ಚೀಲ ಹೆಗಲಿಗೇರಿಸಿದ. “ಬರ್ತೀನಿ ಮೇಡಂ.”

“ಎಲ್ಲಿಗೆ?” ಎಂದೆ. “ಕಪ್ಪ ಒಂದು ಸಲ ಕೊಟ್ರೆ ಮುಗೀತಾ? ಪ್ರತಿ ವರ್ಷ ಕೊಡ್ಬೇಕು. ನೀವೇ ಬರೆದಿದೀರಿ.”

ಅವನು ತಿರುಗಿದ. “ಎಷ್ಟು ವರ್ಷ?”

“ಸಾಮಂತ ಬದುಕಿರೋ ತನಕ. ಕ್ಷಮಿಸ್ತೀನಿ ಅಂತ ಮಾತ್ರ ಕನಸು ಕಾಣ್ಬೇಡಿ. ದಿನಾ ಎದುರಿಗೆ ಕೂರಿಸ್ಕೊಂಡು ಸೇಡು ತೀರಿಸ್ಕೋತೀನಿ. ಇನ್ಮೇಲೆ ಕಪ್ಪೆ ಸರ್ ಅಂತಾನೇ ಕರಿಯೋದು.”

ಚೀಲ ಹೆಗಲಿನಿಂದ ಜಾರಿ ನೆಲ ಸೇರಿತು. ತುಟಿಯ ಒಂದು ಬದಿಗೆ ಆ ಹಾಳು ನಗು ಮೆಲ್ಲಗೆ ವಾಪಸು ಬಂತು. ಒಂದು ಹೆಜ್ಜೆ ಹತ್ತಿರ ಬಂದ. ಅವನ ಬೆರಳಿಗೆ ನನ್ನ ಕೆಂಪು ಇಂಕು ಅಂಟಿತ್ತು.

“ಆವತ್ತಿನ ನನ್ನ ಡೌಟಿಗೆ ನೀವಿನ್ನೂ ಉತ್ತರ ಕೊಟ್ಟಿಲ್ಲ,” ಎಂದ. “ಮುಚ್ಚದೇ ಇದ್ರೆ ಏನಾಗುತ್ತೆ?”

ಹೊರಗೆ ಮೆಟ್ಟಿಲ ತುದಿಯಲ್ಲಿ ಅಕ್ಕ ಕತ್ತು ಉದ್ದ ಮಾಡಿ ಇತ್ತಲೇ ನೋಡುತ್ತಿದ್ದಳು.

“ಅಕ್ಕ ನೋಡ್ತಾಳೆ,” ಎಂದು ಹೋಗಿ ಬಾಗಿಲು ಹಾಕಿದೆ.

ಒಂದು ‘ಗೆ’ ಕಡಿಮೆಯಿದ್ದರೂ, ನನ್ನ ಆ ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ.